ಡರ್ಹಾಮ್: ಸನ್ಯಾಸಿಗಳು ಕಟ್ಟಿ ಮುಗಿಸಿದ ಚಾವಣಿಯ ಕೆಳಗೆ

ಎಡಿನ್‌ಬರ್ಗ್‌ಗೆ ಹೋಗುವ ದಾರಿಯಲ್ಲಿ ರೈಲಿಳಿದು, ಒಂದು ಗಂಟೆ ಉತ್ತರ ಇಂಗ್ಲೆಂಡಿನ ಡರ್ಹಾಮ್ ಕಥೀಡ್ರಲ್ ನೋಡಿ ಮುಂದೆ ಹೊರಡುವವರೇ ಹೆಚ್ಚು. ಆ ಒಂದು ಗಂಟೆಯಲ್ಲಿ ಕಾಣುವುದು ಬಿಷಪ್ಪರ ಕಥೀಡ್ರಲ್ ಮಾತ್ರ. 1083ರಿಂದ 1539ರವರೆಗೆ ಇದು ಸಂತ ಬೆನೆಡಿಕ್ಟನ ನಿಯಮ ಪಾಲಿಸುವ ಬೆನೆಡಿಕ್ಟೈನ್ ಸನ್ಯಾಸಿಗಳ ಮಠದ ಚರ್ಚು. ಪೂಜೆಯ ಪೀಠಗಳ ಸಾಲು, ಬಾಗಿಲುಗಳ ಜಾಗ, ದಕ್ಷಿಣಕ್ಕಿರುವ ಅಂಗಳ, ಅಡುಗೆಮನೆಯ ಚಿಮಣಿ ಎಲ್ಲವೂ ಅವರ ದಿನಚರಿಗೆ ತಕ್ಕಂತೆ ನಿಂತಿವೆ. ಆ ದಿನಚರಿಯ ಜಾಡು ಹಿಡಿದು ನೋಡಲು ನಾಲ್ಕು ದಿನ ಬೇಕು. ಜೊತೆಗೊಂದು ದುರ್ಬೀನು ಇಟ್ಟುಕೊಳ್ಳಿ. ಇಲ್ಲಿನ ಮುಖ್ಯ ಸಂಗತಿಗಳೆಲ್ಲ ತಲೆಯ ಮೇಲೆ 22 ಮೀಟರ್ ಎತ್ತರದಲ್ಲಿವೆ.

ಮೊದಲ ದಿನ: ಬಂಡೆ, ಬಾಗಿಲು, ನೇವ್

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಡರ್ಹಾಮ್‌ಗೆ ರೈಲಿನಲ್ಲಿ ಸುಮಾರು ಮೂರು ಗಂಟೆ. ಬಲಬದಿಯ ಕಿಟಕಿ ಹಿಡಿದರೆ ನಿಲ್ದಾಣಕ್ಕೆ ಸ್ವಲ್ಪ ಮೊದಲು, ಎತ್ತರದ ಕಲ್ಲಿನ ಸೇತುವೆ ದಾಟುವಾಗ, ಚರ್ಚು ಇಡಿಯಾಗಿ ಕಾಣುತ್ತದೆ. ವಿಯರ್ ನದಿ ಆಳವಾದ ಕಮರಿ ಕೊರೆದು ಗುಡ್ಡವನ್ನು ಪೂರ್ವ, ದಕ್ಷಿಣ, ಪಶ್ಚಿಮ ಮೂರು ಕಡೆ ಸುತ್ತಿ ಹೋಗಿದೆ. ತೆರೆದಿರುವ ಉತ್ತರದ ಕತ್ತಿನಲ್ಲಿ ಕೋಟೆ ಇದೆ, ಅದರ ದಕ್ಷಿಣಕ್ಕೆ ಚರ್ಚು, ಅದರ ಬೆನ್ನಿಗೆ ಮಠ.

ನಿಲ್ದಾಣದಿಂದ ನಡೆದರೆ ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು. ಫ್ರಾಮ್‌ವೆಲ್‌ಗೇಟ್ ಸೇತುವೆ ದಾಟಿ, ಮಾರ್ಕೆಟ್ ಚೌಕ ಹಾಯ್ದು, ಸ್ಯಾಡ್ಲರ್ ಬೀದಿ ಹಿಡಿದು ಹತ್ತಬೇಕು. ಉರುಟು ಕಲ್ಲು ಹಾಸಿದ ಏರುದಾರಿ, ಮಳೆ ಬಂದರೆ ಜಾರುತ್ತದೆ. ಗಾಲಿಯ ಸೂಟ್‌ಕೇಸ್ ಎಳೆದುಕೊಂಡು ಹತ್ತುವ ಜಾಗವಲ್ಲ, ಅದನ್ನು ತಂಗುವ ಕಡೆ ಇಟ್ಟು ಬನ್ನಿ.

ಒಳಗೆ ಹೋಗುವ ಮೊದಲು ಕೆಳಗಿನ ನದಿದಂಡೆಗೆ ಇಳಿದು ಪ್ರಿಬೆಂಡ್ಸ್ ಸೇತುವೆಯವರೆಗೆ ನಡೆಯಿರಿ. ಇಡೀ ಪಶ್ಚಿಮ ಮುಖ ಬಂಡೆಯ ತುದಿಗೇ ಬಂದು ನಿಂತಿರುವುದು ಅಲ್ಲಿಂದ ತಿಳಿಯುತ್ತದೆ. ಕಲ್ಲು ಇಲ್ಲಿಯದೇ ಮರಳುಗಲ್ಲು, ಈ ಪ್ರದೇಶದ ಕಲ್ಲಿದ್ದಲಿನ ಪದರಗಳ ನಡುವೆ ಸಿಗುವ ಜಾತಿ. ಕೆತ್ತಲು ಸುಲಭ, ಗಾಳಿಮಳೆಗೆ ಜೇನುಗೂಡಿನಂತೆ ತೂತುಬೀಳುವುದೂ ಅಷ್ಟೇ ಬೇಗ. 18ನೇ ಶತಮಾನದ ಕೊನೆಯಲ್ಲಿ, ಸವೆದ ಮೇಲ್ಮೈಯನ್ನು ಸರಿಮಾಡುತ್ತೇವೆಂದು ಹೊರಗೋಡೆಗಳಿಂದ ಎರಡು ಮೂರು ಅಂಗುಲ ಕಲ್ಲನ್ನೇ ಕೆತ್ತಿ ತೆಗೆದರು. ಹೊರಗಿನ ಕಿಟಕಿ ಕಮಾನುಗಳ ಅಲಂಕಾರ ಒಳಗಿನದಕ್ಕಿಂತ ಚಪ್ಪಟೆಯಾಗಿ ಕಾಣುವುದಕ್ಕೆ ಇದೇ ಕಾರಣ. ಇದನ್ನು ಕಟ್ಟಿದ, ಇಂಗ್ಲೆಂಡ್ ಗೆದ್ದು ಆಳುತ್ತಿದ್ದ ನಾರ್ಮನ್ನರ ಕಾಲದ ಕಲ್ಲುಕುಟಿಗರ ಕೈ ಅಷ್ಟು ಮೊಂಡಾಗಿರಲಿಲ್ಲ. ಹೊರಗೋಡೆ ನೋಡಿ ಅವರನ್ನು ಅಳೆಯಬೇಡಿ.

ಒಳಗೆ ಹೋಗುವುದು ಉತ್ತರದ ಬಾಗಿಲಿನಿಂದ. ಪ್ರವೇಶಕ್ಕೆ ಟಿಕೆಟ್ ಇಲ್ಲ, ಕಾಣಿಕೆ ಕೇಳುತ್ತಾರೆ. ಮ್ಯೂಸಿಯಂ ಮತ್ತು ಗೋಪುರಕ್ಕೆ ಮಾತ್ರ ಟಿಕೆಟ್. ಬಾಗಿಲಿನ ಮೇಲೆ ಬಾಯಲ್ಲಿ ಬಳೆ ಕಚ್ಚಿಕೊಂಡ ಕಂಚಿನ ಮುಖವಿದೆ. ಅಪರಾಧ ಮಾಡಿ ಓಡಿಬಂದವರು ಈ ಬಳೆ ಬಡಿದರೆ ಸನ್ಯಾಸಿಗಳು ಒಳಗೆ ಬಿಟ್ಟುಕೊಂಡು 37 ದಿನ ಆಶ್ರಯ ಕೊಡುತ್ತಿದ್ದರು. ಅಷ್ಟರೊಳಗೆ ಆತ ರಾಜನೊಡನೆ ರಾಜಿಯಾಗಬೇಕು, ಇಲ್ಲವೇ ದೇಶ ಬಿಡಬೇಕು. ಈಗ ಬಾಗಿಲಲ್ಲಿರುವುದು ಪ್ರತಿಕೃತಿ, 12ನೇ ಶತಮಾನದ ಮೂಲ ಒಳಗಿನ ಸಂಗ್ರಹದಲ್ಲಿದೆ.

ಒಳಗೆ ಕಾಲಿಟ್ಟ ಜಾಗವೇ ನೇವ್, ಅಂದರೆ ಸಾಮಾನ್ಯ ಜನ ನಿಲ್ಲುತ್ತಿದ್ದ ಉದ್ದನೆಯ ಭಾಗ. ಪಶ್ಚಿಮದ ಕೊನೆಯಲ್ಲಿ ನೆಲಕ್ಕೆ ಅಡ್ಡಲಾಗಿ ಕಪ್ಪು ಕಲ್ಲಿನ ಪಟ್ಟಿ ಹಾಸಿದೆ. ಅದು ಫ್ರಾಸ್ಟರ್ಲಿ ಕಲ್ಲು. ಮಾರ್ಬಲ್ ಎಂದು ಕರೆದರೂ ನಿಜದಲ್ಲಿ ಸುಣ್ಣದಕಲ್ಲು, ಬಗ್ಗಿ ನೋಡಿದರೆ ಹವಳದ ಪಳೆಯುಳಿಕೆಗಳು ಬಿಳಿಯಾಗಿ ಕಾಣುತ್ತವೆ. ಮಠದ ಕಾಲದಲ್ಲಿ ಹೆಂಗಸರು ಈ ಗೆರೆ ದಾಟುವಂತಿರಲಿಲ್ಲ. ಗೆರೆಯ ಆಚೆಗೆ ಇಡೀ ಚರ್ಚು ಗಂಡಸರದ್ದು, ಅದರಲ್ಲೂ ಪೂರ್ವಾರ್ಧ ಸನ್ಯಾಸಿಗಳದ್ದು.

ಕಂಬಗಳತ್ತ ಬನ್ನಿ. ಒಂದು ಬಿಟ್ಟು ಒಂದರಂತೆ ಎರಡು ಜಾತಿ: ಹಲವು ಸಣ್ಣ ಕಂಬಗಳನ್ನು ಕಟ್ಟಿದಂತಿರುವ ದೊಡ್ಡ ಕಂಬ, ಆಮೇಲೆ ದುಂಡು ಕಂಬ. ದುಂಡು ಕಂಬದ ಸುತ್ತಳತೆ ಸುಮಾರು 6.6 ಮೀಟರ್, ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಮೈಮೇಲೆ ಆಳವಾಗಿ ಕೊರೆದ ಝಿಗ್‌ಜ್ಯಾಗ್, ಹೀರೆಕಾಯಿ ಏಣುಗಳಂಥ ಉದ್ದ ಗೆರೆ, ವಜ್ರಾಕಾರದ ಜಾಲ. ಕಂಬ ನಿಲ್ಲಿಸಿದ ಮೇಲೆ ಕೊರೆದದ್ದಲ್ಲ. ಒಂದೊಂದು ಕಲ್ಲಿನ ಮೇಲೂ ಅದರ ಪಾಲಿನ ವಿನ್ಯಾಸವನ್ನು ನೆಲದಲ್ಲೇ ಕೆತ್ತಿ, ನಂತರ ಮೇಲೇರಿಸಿ ಜೋಡಿಸಿದ್ದಾರೆ. ಹಾಗೆ ಮಾಡಬೇಕಾದರೆ ಪ್ರತಿ ವರಸೆಯ ಎತ್ತರ ಮೊದಲೇ ನಿಗದಿಯಾಗಿರಬೇಕು, ಅಚ್ಚು ಹಿಡಿದು ಕೆಲಸ ಹಂಚಬೇಕು. ಕಲ್ಲುಗಳ ನಡುವಿನ ಗಾರೆಯ ಗೆರೆಗೆ ಕಣ್ಣಿಟ್ಟು ವಿನ್ಯಾಸವನ್ನು ಹಿಂಬಾಲಿಸಿ. ಗೆರೆ ಕಲ್ಲಿನಿಂದ ಕಲ್ಲಿಗೆ ಎಲ್ಲಿ ಚೊಕ್ಕವಾಗಿ ಸೇರಿದೆ, ಎಲ್ಲಿ ಕೂದಲೆಳೆ ತಪ್ಪಿದೆ ಎಂಬುದು ಅಲ್ಲಿ ಸಿಗುತ್ತದೆ.

ಈಗ ಮೇಲೆ ನೋಡಿ. ಈ ಚರ್ಚು ಇಡೀ ಯುರೋಪಿನ ಕಟ್ಟಡ ಚರಿತ್ರೆಯಲ್ಲಿ ನಿಂತಿರುವುದು ಆ ಚಾವಣಿಯಿಂದ.

11ನೇ ಶತಮಾನದ ಕೊನೆಯವರೆಗೆ ಇಷ್ಟು ಅಗಲದ ಚರ್ಚುಗಳಿಗೆ ಸಾಮಾನ್ಯವಾಗಿ ಮರದ ಮುಚ್ಚಿಗೆಯೇ. ಬೆಂಕಿ ಬಿದ್ದರೆ ಎಲ್ಲ ಹೋಗುತ್ತಿತ್ತು. ಕಲ್ಲಿನ ಕಮಾನು ಚಾವಣಿ ಕಟ್ಟಿದರೆ ಎರಡು ತೊಡಕು. ಒಂದು ಭಾರ: ಕಮಾನು ಕೆಳಕ್ಕೆ ಒತ್ತುವುದರ ಜೊತೆಗೆ ಗೋಡೆಯನ್ನು ಹೊರಕ್ಕೂ ತಳ್ಳುತ್ತದೆ. ಇನ್ನೊಂದು ಜ್ಯಾಮಿತಿ. ಅರ್ಧವೃತ್ತದ ಕಮಾನಿನ ಎತ್ತರ ಅದರ ಅಗಲದ ಅರ್ಧದಷ್ಟು. ಆಯತಾಕಾರದ ಅಂಕಣವೊಂದನ್ನು ತೆಗೆದುಕೊಳ್ಳಿ. ಮೂಲೆಯಿಂದ ಮೂಲೆಗೆ ಹೋಗುವ ಕಮಾನು ಅತಿ ಅಗಲ, ಆದ್ದರಿಂದ ಅತಿ ಎತ್ತರ. ಅಡ್ಡಕ್ಕೆ ಹೋಗುವ ಕಮಾನು ಅದಕ್ಕಿಂತ ಗಿಡ್ಡ. ಎರಡರ ನೆತ್ತಿ ಒಂದೇ ಮಟ್ಟಕ್ಕೆ ಬರುವುದಿಲ್ಲ. ಹಳಬರು ಮೂಲೆಯ ಕಮಾನನ್ನು ತಗ್ಗಿಸಿ ಚಪ್ಪಟೆ ಮಾಡುತ್ತಿದ್ದರು, ಇಲ್ಲವೇ ಗಿಡ್ಡ ಕಮಾನಿಗೆ ಕೆಳಗಿನಿಂದ ಕಾಲು ಕೊಟ್ಟು ಎತ್ತುತ್ತಿದ್ದರು. ಚಪ್ಪಟೆಯಾದ ಕಮಾನು ಗೋಡೆಯನ್ನು ಇನ್ನೂ ಜೋರಾಗಿ ಹೊರಕ್ಕೆ ತಳ್ಳುತ್ತದೆ, ಅದೇ ಬಿರುಕಿಗೆ ದಾರಿ.

ಡರ್ಹಾಮ್‌ನ ನೇವ್‌ನಲ್ಲಿ ಮೂಲೆಯಿಂದ ಮೂಲೆಗೆ ಹೋಗುವ ಪಟ್ಟಿಗಳನ್ನು ಅರ್ಧವೃತ್ತವಾಗಿಯೇ ಉಳಿಸಿಕೊಂಡರು. ಅಡ್ಡ ಕಮಾನುಗಳನ್ನು ಮಾತ್ರ ನೆತ್ತಿಯಲ್ಲಿ ಮುರಿದು ಚೂಪು ಮಾಡಿದರು. ಚೂಪು ಕಮಾನಿನ ಎತ್ತರವನ್ನು ಅಗಲ ಬದಲಿಸದೆ ಬೇಕಾದಷ್ಟಕ್ಕೆ ಹೊಂದಿಸಬಹುದು. ಎರಡೂ ನೆತ್ತಿಗಳು ಒಂದೇ ಮಟ್ಟಕ್ಕೆ ಬಂದವು. ಕಲ್ಲಿನ ಪಟ್ಟಿಗಳು, ಅಂದರೆ ರಿಬ್‌ಗಳು, ಮೊದಲು ಮರದ ಸೆಂಟ್ರಿಂಗ್ ಮೇಲೆ ಏರಿದವು. ಆಮೇಲೆ ನಡುವಿನ ಜಾಗವನ್ನು ಒಡೆಗಲ್ಲು ಗಾರೆಯಿಂದ ತುಂಬಿದರು. ಚೂಪು ಕಮಾನು, ಪಟ್ಟಿ ಕಟ್ಟಿದ ಚಾವಣಿ ಇವೆರಡೂ ಮುಂದೆ ಗಾಥಿಕ್ ಶೈಲಿಯ ಜೀವಾಳವಾದವು. ಚೂಪು ಕಮಾನಿರುವುದು ಗೊಂಚಲು ಕಂಬಗಳ ಮೇಲೆ ಮಾತ್ರ ಎಂಬುದನ್ನು ಗಮನಿಸಿ. ದುಂಡು ಕಂಬಗಳ ನೇರಕ್ಕೆ ಅಡ್ಡ ಕಮಾನೇ ಇಲ್ಲ, ಹಾಗಾಗಿ ಎರಡೆರಡು ಅಂಕಣ ಸೇರಿ ಒಂದು ದೊಡ್ಡ ಘಟಕವಾಗಿ ಓದಿಸಿಕೊಳ್ಳುತ್ತದೆ.

ಹೊರತಳ್ಳುವಿಕೆಗೆ ಉತ್ತರ ಕಣ್ಣಿಗೆ ಬೀಳುವುದಿಲ್ಲ. ಕಂಬಗಳ ಸಾಲಿನಾಚೆಗಿನ ಪಕ್ಕದ ಓಣಿಗಳ ಮೇಲಿರುವ ಮಹಡಿಯ ಮಾಡಿನೊಳಗೆ ಕಾಲುವೃತ್ತದ ಕಮಾನುಗಳಿವೆ. ಅವು ಎತ್ತರದ ಗೋಡೆಗೆ ಹೊರಗಿನಿಂದ ಹೆಗಲು ಕೊಟ್ಟು, ಒತ್ತಡವನ್ನು ಓಣಿಯ ಹೊರಗೋಡೆಗೆ ದಾಟಿಸುತ್ತವೆ. ಮುಂದೆ ಫ್ರಾನ್ಸಿನಲ್ಲಿ ಇಂಥ ಆಸರೆಯ ಕಮಾನುಗಳನ್ನು ಬಯಲಿಗೆ ತಂದು ಮೆರೆಸಿದರು, ಇಲ್ಲಿ ಅವು ಮಾಡಿನ ಕತ್ತಲಲ್ಲೇ ಉಳಿದಿವೆ.

ಈ ಚಾವಣಿ ಮುಗಿದದ್ದು 1133ರಲ್ಲಿ. ಅಡಿಗಲ್ಲು ಬಿದ್ದದ್ದು 1093ರ ಆಗಸ್ಟ್ 11ರಂದು, ಬಿಷಪ್ ವಿಲಿಯಂ ಆಫ್ ಸೇಂಟ್ ಕ್ಯಾಲೆ ಕಾಲದಲ್ಲಿ. ಚರ್ಚಿನ ಖರ್ಚು ಬಿಷಪ್ಪನದು, ಮಠದ ಕಟ್ಟಡಗಳ ಖರ್ಚು ಸನ್ಯಾಸಿಗಳದು ಎಂದು ಒಪ್ಪಂದವಾಗಿತ್ತು. 1096ರಲ್ಲಿ ವಿಲಿಯಂ ತೀರಿಕೊಂಡ. ಸನ್ಯಾಸಿಗಳು ತಮ್ಮ ಮನೆಯ ಕೆಲಸ ಬದಿಗಿಟ್ಟು ಚರ್ಚಿನ ಕೆಲಸ ಮುಂದುವರಿಸಿದರು. ನಂತರ ಬಂದ ರಾನುಲ್ಫ್ ಫ್ಲಾಂಬಾರ್ಡ್ ಗೋಡೆಗಳನ್ನು ಮಾಡಿನ ಮಟ್ಟಕ್ಕೆ ತಂದು 1128ರಲ್ಲಿ ತೀರಿಕೊಂಡ. ಮುಂದಿನ ಐದು ವರ್ಷ ಡರ್ಹಾಮ್‌ಗೆ ಬಿಷಪ್ಪನೇ ಇರಲಿಲ್ಲ. ನೇವ್ ಪೂರ್ತಿಯಾದದ್ದು ಆ ಐದು ವರ್ಷಗಳಲ್ಲೇ, ಸನ್ಯಾಸಿಗಳ ಉಸ್ತುವಾರಿಯಲ್ಲಿ. ಯುರೋಪಿನ ಅತಿ ಮುಖ್ಯ ಚಾವಣಿಗಳಲ್ಲೊಂದಕ್ಕೆ ಯಾವ ದೊಡ್ಡ ಹೆಸರಿನ ಪೋಷಕನೂ ಇಲ್ಲ. ಇಲ್ಲಿ ಬಂದವರು ಇದನ್ನು ತಿಳಿದೇ ಹೋಗಬೇಕು.

ಎರಡನೇ ದಿನ: ಕ್ವಾಯರ್, ಒಂಬತ್ತು ಪೀಠಗಳು, ಗ್ಯಾಲಿಲಿ

ಬೆಳಗಿನ ಬಿಸಿಲು ಪೂರ್ವದ ಕಿಟಕಿಗಳಿಂದ ಬರುತ್ತದೆ, ಆದ್ದರಿಂದ ಇಂದು ಮೊದಲು ಆ ಕೊನೆಗೆ. ಹೋಗುವ ದಾರಿಯಲ್ಲಿ ಚರ್ಚಿನ ಎರಡು ತೋಳುಗಳ ಚಾವಣಿ ಹೋಲಿಸಿ ನೋಡಿ. ಉತ್ತರ ತೋಳಿನ ರಿಬ್‌ಗಳು ಸಾದಾ, ದಕ್ಷಿಣದವಕ್ಕೆ ಝಿಗ್‌ಜ್ಯಾಗ್ ಅಂಚು. ಕಟ್ಟುವ ಕೆಲಸ ಪೂರ್ವದಿಂದ ಪಶ್ಚಿಮಕ್ಕೆ ಸಾಗಿತು. ಝಿಗ್‌ಜ್ಯಾಗ್ ಬಂದದ್ದು ನಡುವೆ, ಆದ್ದರಿಂದ ಅದಿಲ್ಲದ ರಿಬ್ ಹಳೆಯದು, ಅದಿರುವುದು ನಂತರದ್ದು. ಇಷ್ಟು ಗೊತ್ತಿದ್ದರೆ ಕೈಪಿಡಿ ಇಲ್ಲದೆಯೂ ಚರ್ಚಿನ ವಯಸ್ಸನ್ನು ಅಂಕಣ ಅಂಕಣವಾಗಿ ಓದಬಹುದು.

ಸನ್ಯಾಸಿಗಳು ದಿನಕ್ಕೆ ಹಲವು ಬಾರಿ, ನಡುರಾತ್ರಿಯಲ್ಲೂ ಸೇರಿ ಹಾಡುತ್ತಿದ್ದ ಜಾಗ ಕ್ವಾಯರ್. ಅದರ ಎರಡೂ ಪಕ್ಕದ ಓಣಿಗಳ ಚಾವಣಿ ಸುಮಾರು 1096ರದು, ಯುರೋಪಿನಲ್ಲಿ ಉಳಿದಿರುವ ಅತ್ಯಂತ ಹಳೆಯ ರಿಬ್ ಚಾವಣಿಗಳ ಸಾಲಿಗೆ ಸೇರುತ್ತದೆ. ತಲೆಯ ಮೇಲೆ ಅಷ್ಟೇನೂ ಎತ್ತರವಿಲ್ಲ, ಕಲ್ಲಿನ ಕೆಲಸ ಬರಿಗಣ್ಣಿಗೇ ಸಿಗುತ್ತದೆ. ಕ್ವಾಯರ್ ನಡುವಿನ ಎತ್ತರದ ಚಾವಣಿ ಮಾತ್ರ ಮೊದಲಿನದಲ್ಲ. 1104ಕ್ಕೆ ಸಿದ್ಧವಾಗಿದ್ದ ಅದು ಬಿರುಕುಬಿಟ್ಟು, 13ನೇ ಶತಮಾನದಲ್ಲಿ ಹೊಸದಾಗಿ ಕಟ್ಟಬೇಕಾಯಿತು.

ಅದೇ ಶತಮಾನದಲ್ಲಿ ಪೂರ್ವದ ಅರ್ಧವೃತ್ತದ ಕೊನೆಯನ್ನೂ ಕೆಡವಿ, 1242ರಿಂದ ಒಂಬತ್ತು ಪೀಠಗಳ ಚಾಪೆಲ್, ಅಂದರೆ ಚರ್ಚಿಗೆ ಸೇರಿದ ಪ್ರಾರ್ಥನಾ ಕೋಣೆ, ಕಟ್ಟಿದರು. ಸನ್ಯಾಸಿಗಳಲ್ಲಿ ಪಾದ್ರಿ ದೀಕ್ಷೆ ಪಡೆದವರು ಹೆಚ್ಚಿದ್ದರು. ಪ್ರತಿಯೊಬ್ಬರೂ ಪೂಜೆ ಸಲ್ಲಿಸಲು ಪೀಠಗಳು ಸಾಲದಾದವು. ಜೊತೆಗೆ ಸಂತ ಕತ್‌ಬರ್ಟ್‌ನ ಸಮಾಧಿ ನೋಡಲು ಬರುವ ಯಾತ್ರಿಕರ ದಟ್ಟಣೆ. ಹೀಗಾಗಿ ಚರ್ಚಿನ ತುದಿಗೆ ಅಡ್ಡಲಾಗಿ ಒಂದು ಉದ್ದನೆಯ ಅಂಗಣ, ಪೂರ್ವದ ಗೋಡೆಗೆ ಒಂಬತ್ತು ಪೀಠಗಳ ಸಾಲು. ಬಂಡೆ ಆ ಕಡೆ ಇಳಿಜಾರಾದ್ದರಿಂದ ನೆಲವನ್ನೂ ಇಳಿಸಿದರು. ಆ ಇಳಿತದಿಂದಲೇ ಒಳಗೆ ಹೊಸ ಎತ್ತರ ಸಿಕ್ಕಿತು. ನಾರ್ಮನ್ನರ ದಪ್ಪ ಕಂಬಗಳಿಂದ ಇಲ್ಲಿನ ನೀಳ, ಕಪ್ಪು ಕಲ್ಲಿನ ಕಡ್ಡಿಕಂಬಗಳಿಗೆ ಬಂದಾಗ ಒಂದೇ ಮಾಡಿನ ಕೆಳಗೆ ನೂರೈವತ್ತು ವರ್ಷ ದಾಟಿರುತ್ತೀರಿ.

ಕತ್‌ಬರ್ಟ್‌ನಿಂದಲೇ ಈ ಊರು. ಆತ 687ರಲ್ಲಿ ತೀರಿಕೊಂಡ, ಲಿಂಡಿಸ್‌ಫಾರ್ನ್ ದ್ವೀಪದ ಮಠದಲ್ಲಿ ಸಮಾಧಿಯಾದ. ವೈಕಿಂಗರ ದಾಳಿಗೆ ಹೆದರಿ 875ರಲ್ಲಿ ಅಲ್ಲಿನವರು ಅವನ ಶವಪೆಟ್ಟಿಗೆ ಹೊತ್ತು ಹೊರಟರು. ಚೆಸ್ಟರ್-ಲಿ-ಸ್ಟ್ರೀಟ್‌ನಲ್ಲಿ ಬಹುಕಾಲ ಇದ್ದು, 995ರಲ್ಲಿ ಈ ಬಂಡೆಗೆ ಬಂದರು. ಮದುವೆಯಾಗಿ ಸಂಸಾರ ನಡೆಸುತ್ತಿದ್ದ ಆ ಸಮುದಾಯವನ್ನು 1083ರಲ್ಲಿ ತೆಗೆದು ಬೆನೆಡಿಕ್ಟೈನರನ್ನು ಕೂರಿಸಿದವನು ಬಿಷಪ್ ವಿಲಿಯಂ. 1104ರಲ್ಲಿ ದೇಹವನ್ನು ಹೊಸ ಚರ್ಚಿಗೆ ತಂದರು. ಈಗಿರುವುದು ಅವನ ಹೆಸರು ಕೊರೆದ ಒಂದು ಸಾದಾ ಚಪ್ಪಡಿ, ಅಷ್ಟೇ. ಮೇಲಿದ್ದ ವೈಭವದ ಮಂಟಪವನ್ನು, ಇಂಗ್ಲೆಂಡಿನ ಮಠಗಳನ್ನು ಮುಚ್ಚಿಸಿದ ರಾಜ ಎಂಟನೇ ಹೆನ್ರಿಯ ಅಧಿಕಾರಿಗಳು ಒಡೆದು ಹಾಕಿದರು. ಮುಂದಿರುವ, ಮುಖ್ಯ ಪೀಠದ ಹಿಂದಿನ ಕಲ್ಲಿನ ನೆವಿಲ್ ಪರದೆಗೂ ಅದೇ ಗತಿ. 1372ರಿಂದ 1380ರ ನಡುವೆ ಫ್ರಾನ್ಸಿನ ಕಾನ್ ಕಲ್ಲಿನಲ್ಲಿ ಮಾಡಿಸಿ ಸಮುದ್ರಮಾರ್ಗವಾಗಿ ತರಿಸಿದ್ದು. ಅದರಲ್ಲಿದ್ದ 107 ಮೂರ್ತಿಗಳಲ್ಲಿ ಒಂದೂ ಸ್ಥಳದಲ್ಲಿಲ್ಲ. ಖಾಲಿ ಗೂಡುಗಳೇ ಈಗ ಅದರ ರೂಪ.

ದಕ್ಷಿಣ ತೋಳಿನ ಎತ್ತರದ ಮರದ ಗಡಿಯಾರವನ್ನು ತಪ್ಪಿಸಬೇಡಿ. 1650ರಲ್ಲಿ ಡನ್‌ಬಾರ್ ಕಾಳಗದಲ್ಲಿ ಇಂಗ್ಲಿಷ್ ಸೇನೆ ಸ್ಕಾಟರನ್ನು ಸೋಲಿಸಿದ ನಂತರ ಸುಮಾರು 3000 ಸ್ಕಾಟ್ ಸೆರೆಯಾಳುಗಳನ್ನು ಈ ಚರ್ಚಿನಲ್ಲಿ ಕೂಡಿದರು. ಹಸಿವು, ಚಳಿ, ರೋಗದಿಂದ ಅರ್ಧಕ್ಕಿಂತ ಹೆಚ್ಚು ಜನ ಸತ್ತರು. ಮರದ ಸಾಮಾನೆಲ್ಲ ಚಳಿಗೆ ಉರಿದುಹೋಯಿತು, ಗಡಿಯಾರ ಉಳಿಯಿತು. ಸತ್ತವರಲ್ಲಿ ಕೆಲವರ ಅಸ್ಥಿಗಳು ಪಕ್ಕದಲ್ಲೇ ಕಟ್ಟಡ ಕೆಲಸಕ್ಕೆ ಅಗೆಯುವಾಗ 2013ರಲ್ಲಿ ಸಿಕ್ಕವು. ಕ್ವಾಯರ್‌ನ ಈಗಿನ ಕೆತ್ತನೆಯ ಆಸನಗಳು 1660ರ ದಶಕದವು, ಬಿಷಪ್ ಕೋಸಿನ್ ಮಾಡಿಸಿದವು.

ಮಧ್ಯಾಹ್ನ ಬೆಳಕು ಪಶ್ಚಿಮಕ್ಕೆ ತಿರುಗುತ್ತದೆ, ಆಗ ಗ್ಯಾಲಿಲಿ ಚಾಪೆಲ್‌ಗೆ ಬನ್ನಿ. ಬಿಷಪ್ ಹ್ಯೂ ದ ಪ್ವಿಸೆ ಮೇರಿ ಮಾತೆಯ ಈ ಚಾಪೆಲನ್ನು ಮೊದಲು ಪೂರ್ವದ ತುದಿಯಲ್ಲಿ ಶುರು ಮಾಡಿದ್ದ. ಗೋಡೆ ಏಳುತ್ತಿದ್ದಂತೆ ಬಿರುಕು ಬಿಟ್ಟಿತು. ಹೆಂಗಸರು ತನ್ನ ಸಮಾಧಿಯ ಹತ್ತಿರ ಬರುವುದು ಕತ್‌ಬರ್ಟ್‌ಗೆ ಇಷ್ಟವಿಲ್ಲ ಎಂದು ಜನ ಆಡಿಕೊಂಡರು. ಆ ತುದಿಯ ನೆಲ ಭದ್ರವಿರಲಿಲ್ಲ ಎಂಬುದು ಹೆಚ್ಚು ನಂಬುವ ಮಾತು. 1170ರ ದಶಕದಲ್ಲಿ ಕೆಲಸ ಪಶ್ಚಿಮಕ್ಕೆ, ಬಂಡೆಯ ಅಂಚಿಗೆ ಬಂತು. ಬಂಡೆ ತುದಿಯ ಮೇಲೆ ಭಾರ ಹೇರುವಂತಿಲ್ಲ. ಹಾಗಾಗಿ ಐದು ಓಣಿ, ತೆಳ್ಳಗಿನ ಕಂಬಗಳು, ಮೇಲೆ ಕಲ್ಲಿನ ಚಾವಣಿಯ ಬದಲು ಮರದ ಮಾಡು. ಕಂಬ ಒಂದೊಂದೂ ನಾಲ್ಕು ಕಡ್ಡಿಗಳ ಜೋಡಣೆ, ಕೆಲವು ದಕ್ಷಿಣ ಇಂಗ್ಲೆಂಡಿನ ಪರ್ಬೆಕ್ ಕಲ್ಲಿನವು, ಕೆಲವು ಮರಳುಗಲ್ಲಿನವು. ಬಣ್ಣ ನೋಡಿದರೆ ಬೇರೆ ಮಾಡಬಹುದು. ನೇವ್ ಮುಗಿದು ನಾಲ್ಕೇ ದಶಕದಲ್ಲಿ ಕಲ್ಲುಕುಟಿಗರ ಕೈ ಇಷ್ಟು ಹಗುರವಾಯಿತು.

ಇಲ್ಲೇ ಬೀಡ್‌ನ ಸಮಾಧಿ. ಇಂಗ್ಲಿಷ್ ಜನರ ಧಾರ್ಮಿಕ ಇತಿಹಾಸವನ್ನು ಮೊದಲು ಬರೆದ ಸನ್ಯಾಸಿ. ನಾಲ್ಕನೇ ದಿನ ಅವನ ಮಠಕ್ಕೇ ಹೋಗಲಿದ್ದೇವೆ.

ಮೂರನೇ ದಿನ: ಅಂಗಳ, ಮಲಗುಮನೆ, ಅಡುಗೆಮನೆ

ಚರ್ಚಿನ ದಕ್ಷಿಣಕ್ಕೆ ಚೌಕಾಕಾರದ ಅಂಗಳ, ನಾಲ್ಕೂ ಕಡೆ ಪಡಸಾಲೆ. ಚರ್ಚಿನಿಂದ ಎರಡು ಬಾಗಿಲುಗಳು ಇಲ್ಲಿಗೆ ತೆರೆಯುತ್ತವೆ. ಒಂದರ ಮೇಲಿನ ಬಳ್ಳಿ ಬಳ್ಳಿಯ ಕಬ್ಬಿಣದ ಕೆಲಸ 12ನೇ ಶತಮಾನದ್ದು. ಉತ್ತರದ ಪಡಸಾಲೆ ಚರ್ಚಿನ ಗೋಡೆಗೆ ಒರಗಿದೆ, ದಕ್ಷಿಣಕ್ಕೆ ಮುಖ. ಈ ಚಳಿದೇಶದಲ್ಲಿ ಬಿಸಿಲು ಹೆಚ್ಚು ಹೊತ್ತು ಬೀಳುವುದು ಅಲ್ಲಿ. ಓದುವ ಸನ್ಯಾಸಿಗಳಿಗೆ ಒಂದೊಂದು ಕಿಟಕಿಯ ಬಳಿ ಮರದ ಸಣ್ಣ ಗೂಡುಗಳನ್ನು ಕಟ್ಟಿದ್ದೂ ಅಲ್ಲೇ. ಎದುರಿನ ಗೋಡೆಗೆ ಪುಸ್ತಕದ ಕಪಾಟುಗಳಿದ್ದವು.

ಪೂರ್ವಕ್ಕೆ ಚಾಪ್ಟರ್ ಹೌಸ್, ಸನ್ಯಾಸಿಗಳು ಪ್ರತಿದಿನ ಸೇರಿ ನಿಯಮದ ಒಂದು ಅಧ್ಯಾಯ ಕೇಳಿ, ಮಠದ ವ್ಯವಹಾರ ತೀರ್ಮಾನಿಸುತ್ತಿದ್ದ ಕೋಣೆ. ಈಗ ಕಾಣುವುದರಲ್ಲಿ ದೊಡ್ಡ ಭಾಗ 1890ರ ದಶಕದ ಮರುನಿರ್ಮಾಣ. ಜೇಮ್ಸ್ ವ್ಯಾಟ್ ಎಂಬ ಹೆಸರಾಂತ ವಾಸ್ತುಶಿಲ್ಪಿಯ ಕಾಲದಲ್ಲಿ, 1790ರ ದಶಕದಲ್ಲಿ, ಬೆಚ್ಚಗಿನ ಸಣ್ಣ ಕೋಣೆ ಬೇಕೆಂದು 12ನೇ ಶತಮಾನದ ಚಾವಣಿಯನ್ನೂ ಪೂರ್ವದ ಕೊನೆಯನ್ನೂ ಕೆಡವಿದರು. ಗ್ಯಾಲಿಲಿಯನ್ನೂ ಕೆಡವಿ ಗಾಡಿದಾರಿ ಮಾಡುವ ಯೋಚನೆಯಿತ್ತು. ಪ್ರಾಚೀನ ಕಟ್ಟಡಗಳ ಆಸಕ್ತರು ಗಲಾಟೆ ಎಬ್ಬಿಸಿದ್ದರಿಂದ ಅದು ನಿಂತಿತು.

ಪಶ್ಚಿಮದ ಮೇಲಂತಸ್ತು ಸನ್ಯಾಸಿಗಳ ಮಲಗುಮನೆ, 1398ರಿಂದ 1404ರೊಳಗೆ ಕಟ್ಟಿದ್ದು. ಉದ್ದ ಸುಮಾರು 60 ಮೀಟರ್. ಮೇಲೆ ಸೀಳಿ ಒರಟಾಗಿ ಕೆತ್ತಿದ ಓಕ್ ತೊಲೆಗಳು ಒಂದಾದ ಮೇಲೊಂದು, ಆ ಕಾಲದವೇ. ಒಂದು ಕಾಲಕ್ಕೆ ಎರಡೂ ಬದಿ ಹಲಗೆಯಿಂದ ಬೇರ್ಪಡಿಸಿದ ಮಲಗುಗೂಡುಗಳಿದ್ದವು. ಈಗ ಇದು ಗ್ರಂಥಾಲಯ ಮತ್ತು ಮ್ಯೂಸಿಯಂನ ಭಾಗ.

ಮುಂದಿನದು ಮಠದ ದೊಡ್ಡ ಅಡುಗೆಮನೆ. ನಮ್ಮ ಮಟ್ಟಿಗೆ ನೇವ್ ಚಾವಣಿಯ ನಂತರ ಡರ್ಹಾಮ್‌ನ ಎರಡನೇ ಅದ್ಭುತ. 1366ರಿಂದ 1374ರ ನಡುವೆ ಜಾನ್ ಲೂಯಿನ್ ಎಂಬ ಕಲ್ಲುಕೆಲಸದ ಮೇಸ್ತ್ರಿ ಕಟ್ಟಿದ ಎಂಟು ಮೂಲೆಯ ಕೋಣೆ. ಬೆಂಕಿಯ ಭಯ, ಹೊಗೆ ಹೋಗುವ ದಾರಿ, ಇವೆರಡನ್ನೂ ಒಂದೇ ಚಾವಣಿಯಿಂದ ಪರಿಹರಿಸಿದ್ದಾನೆ. ರಿಬ್‌ಗಳು ಒಂದನ್ನೊಂದು ಹಾದು ಎಂಟು ಮೊನೆಯ ನಕ್ಷತ್ರ ಆಗುತ್ತವೆ. ನಡುವೆ ಕಮಾನಿನ ನೆತ್ತಿಗಲ್ಲೇ ಇಲ್ಲ, ಅದರ ಬದಲು ಎಂಟು ಮೂಲೆಯ ತೆರಪು, ಅಲ್ಲಿಂದ ಹೊಗೆ ಮೇಲಕ್ಕೆ. ನಡುವನ್ನು ತೆರೆದಿಟ್ಟೂ ಕಲ್ಲಿನ ಚಾವಣಿ ನಿಲ್ಲುವುದು ರಿಬ್‌ಗಳು ಪರಸ್ಪರ ಒರಗಿರುವುದರಿಂದ. 20ನೇ ಶತಮಾನದವರೆಗೂ ಇಲ್ಲಿ ಅಡುಗೆ ನಡೆಯುತ್ತಿತ್ತು. ಕತ್‌ಬರ್ಟ್‌ನ ಕೆತ್ತನೆಯ ಓಕ್ ಶವಪೆಟ್ಟಿಗೆ ಮತ್ತು 1827ರಲ್ಲಿ ಸಮಾಧಿ ತೆರೆದಾಗ ಸಿಕ್ಕ ಚಿನ್ನ, ಕೆಂಪು ಗಾರ್ನೆಟ್‌ಗಳ ಶಿಲುಬೆ ಈ ಅಡುಗೆಮನೆಯಲ್ಲೇ ಪ್ರದರ್ಶನಕ್ಕಿವೆ.

ಕಾಲಿನಲ್ಲಿ ಶಕ್ತಿ ಉಳಿದಿದ್ದರೆ ಗೋಪುರ: 325 ಮೆಟ್ಟಿಲು, ಸುಮಾರು 66 ಮೀಟರ್ ಎತ್ತರ. ಸುರುಳಿ ಮೆಟ್ಟಿಲು ಇಕ್ಕಟ್ಟು, ಮೇಲೆ ಹೋಗುವವರು ಇಳಿಯುವವರು ಎದುರಾದರೆ ಕಷ್ಟ. ಗಾಳಿ ಜೋರಿದ್ದರೆ ಮುಚ್ಚುತ್ತಾರೆ. ಹಳೆಯ ಗೋಪುರಕ್ಕೆ 1429ರಲ್ಲಿ ಸಿಡಿಲು ಬಡಿಯಿತು, ಮೂವತ್ತು ವರ್ಷದ ನಂತರ ಮತ್ತೆ. ಈಗಿನದು ಆ ಬಳಿಕ 15ನೇ ಶತಮಾನದಲ್ಲಿ ಕಟ್ಟಿದ್ದು. ಮೇಲಿನಿಂದ ಅಂಗಳ, ಮಲಗುಮನೆ, ಅಡುಗೆಮನೆ ಎಲ್ಲ ನಕ್ಷೆಯಂತೆ ಕಾಣುತ್ತವೆ, ಎಲ್ಲಕ್ಕೂ ಮೇಲೆ ಮಾಡು ಉಳಿದಿದೆ. ಇಂಗ್ಲೆಂಡಿನ ಮಠಗಳಲ್ಲಿ ಇದು ಅಪರೂಪ. 1539ರ ಡಿಸೆಂಬರ್ 31ರಂದು ಮಠದ ಮುಖ್ಯಸ್ಥ, ಅಂದರೆ ಪ್ರಯರ್, ಹ್ಯೂ ವೈಟ್‌ಹೆಡ್ ಮಠವನ್ನು ರಾಜನಿಗೆ ಒಪ್ಪಿಸಿದ. 1541ರಲ್ಲಿ ಅದೇ ಚರ್ಚು, ಮುಖ್ಯ ಪಾದ್ರಿಯಾದ ಒಬ್ಬ ಡೀನ್, ಅವನ ಕೈಕೆಳಗಿನ ಪಾದ್ರಿಗಳಾದ ಹನ್ನೆರಡು ಕ್ಯಾನನ್‌ಗಳ ಕಥೀಡ್ರಲ್ ಆಯಿತು. ಮೊದಲ ಡೀನ್ ಅದೇ ವೈಟ್‌ಹೆಡ್. ವಾಸಕ್ಕೆ ಜನ ಇದ್ದುದರಿಂದ ಕಟ್ಟಡಗಳ ಸೀಸದ ಹೊದಿಕೆ ಕಿತ್ತು ಮಾರುವ ಪ್ರಮೇಯ ಬರಲಿಲ್ಲ.

ನಾಲ್ಕನೇ ದಿನ: ಜ್ಯಾರೋ, ಫಿಂಕಲ್

ಬೆಳಗ್ಗೆ ರೈಲಿನಲ್ಲಿ ಕಾಲು ಗಂಟೆಗೆ ನ್ಯೂಕಾಸಲ್, ಅಲ್ಲಿಂದ ಮೆಟ್ರೋದಲ್ಲಿ ಬೀಡ್ ನಿಲ್ದಾಣ, ಮತ್ತೆ ನಡಿಗೆ. ಕಾರ್ಖಾನೆ, ಗೋದಾಮುಗಳ ನಡುವೆ ಸೇಂಟ್ ಪಾಲ್ ಚರ್ಚು ಇದೆ. ಒಳಗೆ ಕಮಾನಿನ ಮೇಲೆ 685ರ ಏಪ್ರಿಲ್ 23ರ ಪ್ರತಿಷ್ಠಾಪನೆಯ ಶಾಸನ, ರಾಜ ಎಕ್‌ಫ್ರಿತ್‌ನ ಆಳ್ವಿಕೆಯ 15ನೇ ವರ್ಷ. ಪೂರ್ವದ ಭಾಗ ಆ ಕಾಲದ್ದೇ ಗೋಡೆ. ಬೀಡ್ ಬಾಳಿ ಬರೆದ ಮಠ ಇದು. 1083ರಲ್ಲಿ ಡರ್ಹಾಮ್‌ಗೆ ಹೋದ 23 ಸನ್ಯಾಸಿಗಳು ಇಲ್ಲಿಂದಲೂ ಇದರ ಜೋಡಿ ಮಠವಾದ ವಿಯರ್‌ಮತ್‌ನಿಂದಲೂ ಬಂದವರು. ಇಲ್ಲಿನ ಗೋಡೆಗಳನ್ನು ನೋಡಿದ ಮೇಲೆ, ಹತ್ತೇ ವರ್ಷಗಳಲ್ಲಿ ಅದೇ ಸನ್ಯಾಸಿಗಳು ಅಷ್ಟು ದೊಡ್ಡ ಚರ್ಚಿಗೆ ಕೈಹಾಕಿದರೆಂಬುದು ಎಷ್ಟು ದೊಡ್ಡ ಜಿಗಿತ ಎಂದು ಗೊತ್ತಾಗುತ್ತದೆ.

ಮಧ್ಯಾಹ್ನ ಡರ್ಹಾಮ್‌ಗೆ ಮರಳಿ ಫಿಂಕಲ್ ಪ್ರಯರಿ. ಊರಿನ ಉತ್ತರಕ್ಕೆ ಆರೇಳು ಕಿಲೋಮೀಟರ್, ಅದೇ ವಿಯರ್ ನದಿಯ ದಂಡೆ. ಗಾಡ್ರಿಕ್ ಎಂಬ ಏಕಾಂತವಾಸಿ 1170ರವರೆಗೆ ಬಾಳಿದ್ದ ಜಾಗದಲ್ಲಿ ಡರ್ಹಾಮ್‌ನ ಮಠ ಕಟ್ಟಿದ ಶಾಖೆ. ಮುಂದೆ ಡರ್ಹಾಮ್‌ನ ಸನ್ಯಾಸಿಗಳು ಸರದಿಯ ಮೇಲೆ ನಾಲ್ಕು ನಾಲ್ಕು ಜನ ಮೂರು ವಾರ ವಿಶ್ರಾಂತಿಗೆ ಬರುವ ತಾಣವಾಯಿತು. ಚರ್ಚಿನ ಪಕ್ಕದ ಕಮಾನುಗಳನ್ನು ಗಮನಿಸಿ, ಕಲ್ಲಿನಿಂದ ತುಂಬಿ ಕಿಟಕಿ ಕೂರಿಸಿದ್ದಾರೆ. 14ನೇ ಶತಮಾನದಲ್ಲಿ ಪಕ್ಕದ ಓಣಿಗಳನ್ನು ಕೆಡವಿ ಚರ್ಚನ್ನು ಕಿರಿದು ಮಾಡಿದ ಗುರುತು ಅದು. ಇರುವ ಕೆಲವೇ ಜನಕ್ಕೆ ಅಷ್ಟು ದೊಡ್ಡ ಚರ್ಚು ಬೇಕಿರಲಿಲ್ಲ. ಅಲ್ಲೇ ಪ್ರಯರ್‌ನ ಮನೆ ದೊಡ್ಡದಾಗಿ ಬೆಳೆದಿದೆ.

ಡರ್ಹಾಮ್‌ನ ಅಡುಗೆಮನೆ ನೋಡಿ ಬಂದವರಿಗೆ ಇಲ್ಲಿನ ಬರಿಗೋಡೆಗಳು ಸುಲಭವಾಗಿ ಅರ್ಥವಾಗುತ್ತವೆ. 1530ರ ದಶಕದಲ್ಲಿ ಮಠ ಮುಚ್ಚಿದಾಗ ಇಲ್ಲಿ ಕ್ಯಾನನ್‌ಗಳೂ ಇರಲಿಲ್ಲ, ಬಿಷಪ್ಪನ ಪೀಠವೂ ಇರಲಿಲ್ಲ. ಮಾಡು ಹೋಯಿತು, ಮಳೆ ಒಳಗೆ ಬಂತು, ಚಾವಣಿ ಉರುಳಿತು. ಪ್ರವೇಶ ಉಚಿತ. ನದಿದಂಡೆಯ ಕಾಲುದಾರಿಯಲ್ಲಿ ನಡೆದು ಬರುವುದಾದರೆ ಎರಡು ಗಂಟೆ ಇಟ್ಟುಕೊಳ್ಳಿ. ಮಳೆಗಾಲವೆಂದು ಬೇರೆ ಇಲ್ಲ ಇಲ್ಲಿ, ಯಾವ ತಿಂಗಳಲ್ಲೂ ಕೆಸರಿರಬಹುದು, ಹಿಡಿತವಿರುವ ಬೂಟು ಬೇಕು. ಚಳಿಗಾಲದಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುವುದರಿಂದ ಆ ತಿಂಗಳುಗಳಲ್ಲಿ ಫಿಂಕಲನ್ನು ಬೆಳಗ್ಗೆ ಮುಗಿಸಿ, ಜ್ಯಾರೋವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.